ಕೈ ಬದಲಿಸುತ್ತ ಮುನಿರ್ಕಾಕ್ಕೆ ಬಂದ ಕ್ಯಾಮೆರಾ

ದಕ್ಷಿಣ ದೆಹಲಿಯ ಮುನಿರ್ಕಾದ ಗಲ್ಲಿಗಳಲ್ಲಿ ಬೇಸಿಗೆಯೆಂದರೆ ಮಾರಾಟದ ಕಾಲ. ಕೋರ್ಸು ಮುಗಿಸಿದವರು ಊರಿಗೆ ಹೊರಡುತ್ತಾರೆ. ಹೊರಡುವ ಮೊದಲು ಕೂಲರ್, ಹಾಸಿಗೆ, ಗ್ಯಾಸ್ ಒಲೆ, ಪರೀಕ್ಷೆಯ ಪುಸ್ತಕಗಳ ಕಟ್ಟು ಎಲ್ಲವನ್ನೂ ಸಿಕ್ಕ ಬೆಲೆಗೆ ದಾಟಿಸುತ್ತಾರೆ. ಮಳೆ ಶುರುವಾಗುವ ಹೊತ್ತಿಗೆ ಹೊಸಬರು ಬರುತ್ತಾರೆ. ಅದೇ ಕೋಣೆ, ಅದೇ ಕೂಲರ್, ಬಾಡಿಗೆ ಮಾತ್ರ ಸ್ವಲ್ಪ ಹೆಚ್ಚು. ಈ ಸಾಮಾನುಗಳ ಸಾಲಿಗೆ ಕ್ಯಾಮೆರಾ ಸೇರಿದ್ದು ತೀರಾ ಹಿಂದಿನ ಮಾತಲ್ಲ. ಇಪ್ಪತ್ತೈದು ವರ್ಷದ ಕೆಳಗೆ ಎರಡು ಲಕ್ಷ ರೂಪಾಯಿ ದಾಟುತ್ತಿದ್ದ ವಸ್ತುವಿನ ವಂಶಸ್ಥ, ಇಂದು ವಿದ್ಯಾರ್ಥಿಯೊಬ್ಬ ಒಂದೆರಡು ತಿಂಗಳ ಬಾಡಿಗೆಯಷ್ಟು ಹಣ ಕೂಡಿಟ್ಟರೆ ಸಿಗುವ ಹಾಗಾಗಿದ್ದಾನೆ. ಅದು ಹೇಗಾಯಿತು ಎಂದು ಹಿಂದೆ ಹಿಂದೆ ಹೋದರೆ ಅಮೆರಿಕದ ಒಂದು ಪ್ರಯೋಗಾಲಯವೂ ಸಿಗುತ್ತದೆ, ನಮ್ಮ ಕಡೆಯ ಮದುವೆ ಛತ್ರವೂ ಸಿಗುತ್ತದೆ.

ಮೊದಲು ಊರಿನ ಕಥೆ. ಮುನಿರ್ಕಾ ಟೋಕಸ್ ಗೋತ್ರದ ಜಾಟರ ಹಳ್ಳಿ. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಸುತ್ತಲಿನ ಹೊಲಗಳು ಸರ್ಕಾರದ ಪಾಲಾಗಿ ರಾಮಕೃಷ್ಣಪುರಂ, ಐಐಟಿ, ಜೆಎನ್‌ಯು ಎದ್ದವು. ಹೊಲ ಹೋಯಿತು, ಊರೊಳಗಿನ ಮನೆ ಜಾಗ ಉಳಿಯಿತು. ಕಂದಾಯ ದಾಖಲೆಯ ‘ಲಾಲ್ ಡೋರಾ’ ಗೆರೆಯೊಳಗಿನ ಹಳ್ಳಿಗಳಿಗೆ ನಗರದ ಕಟ್ಟಡ ನಿಯಮಗಳಿಂದ ಬಹುಕಾಲ ವಿನಾಯಿತಿ ಇತ್ತು. ಒಕ್ಕಲುತನ ಕಳೆದುಕೊಂಡವರು ಮನೆಯ ಮೇಲೆ ಮನೆ ಕಟ್ಟಿ ಬಾಡಿಗೆಯ ಬೆಳೆ ತೆಗೆದರು. ಎದುರಿನ ಬಾಲ್ಕನಿಗೆ ಕೈ ಚಾಚಿ ಸಕ್ಕರೆ ಕೊಡಬಹುದಾದಷ್ಟು ಕಿರಿದಾದ ಗಲ್ಲಿಗಳು ಹುಟ್ಟಿದ್ದು ಹೀಗೆ. 1965ರಲ್ಲಿ ಆರಂಭವಾದ ಭಾರತೀಯ ಜನಸಂವಹನ ಸಂಸ್ಥೆ, ಅಂದರೆ ಐಐಎಂಸಿ, ಈಗಿರುವುದು ಪಕ್ಕದ ಅರುಣಾ ಆಸಫ್ ಅಲಿ ಮಾರ್ಗದಲ್ಲಿ. ಪತ್ರಿಕೋದ್ಯಮ ಕಲಿಯಲು ಬಂದವರಿಗೆ ಬೇರ್ ಸರಾಯ್, ಕಟ್ವಾರಿಯಾ ಸರಾಯ್, ಮುನಿರ್ಕಾ ಇವೇ ಆಸರೆ. ಅವರ ನಡುವೆ ಈಶಾನ್ಯದವರಿದ್ದಾರೆ, ಬಿಹಾರದವರಿದ್ದಾರೆ, ಕಲಬುರಗಿ, ಶಿವಮೊಗ್ಗದ ಕಡೆಯ ನಮ್ಮ ಹುಡುಗ ಹುಡುಗಿಯರೂ ಇದ್ದಾರೆ. ರಾಮಕೃಷ್ಣಪುರಂ 12ನೇ ಸೆಕ್ಟರಿನಲ್ಲಿ ರಾವ್ ತುಲಾರಾಂ ಮಾರ್ಗದ ಮೇಲಿರುವ ದೆಹಲಿ ಕರ್ನಾಟಕ ಸಂಘ ಇಲ್ಲಿಂದ ದೂರವಲ್ಲ. ಸಂಘದಲ್ಲಿ ನಾಟಕವೋ ರಾಜ್ಯೋತ್ಸವವೋ ನಡೆದಾಗ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಓಡಾಡುವ ಎಳೆಯರಲ್ಲಿ ಕೆಲವರಾದರೂ ಈ ಗಲ್ಲಿಗಳಿಂದ ಬಂದವರು.

ಇನ್ನು ಕ್ಯಾಮೆರಾದ ಕಥೆ. ಬೆಳಕನ್ನು ವಿದ್ಯುತ್ ಸಂಕೇತವಾಗಿ ಹಿಡಿಯುವ ಸಿಸಿಡಿ ಚಿಪ್ಪಿನ ಕಲ್ಪನೆ ಮೂಡಿದ್ದು 1969ರಲ್ಲಿ, ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರಿಗೆ. ನಲವತ್ತು ವರ್ಷದ ಮೇಲೆ, 2009ರಲ್ಲಿ, ಅದಕ್ಕೆ ನೊಬೆಲ್ ಬಂತು. ಚಿಪ್ಪನ್ನು ಬಳಸಿ 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದವರು ಕೊಡಾಕ್ ಕಂಪನಿಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್. ಮೂರೂವರೆ ಕಿಲೋಗಿಂತ ಹೆಚ್ಚು ತೂಕ, ಅಡ್ಡಕ್ಕೆ ನೂರು ಉದ್ದಕ್ಕೆ ನೂರು ಚುಕ್ಕೆಗಳ ಕಪ್ಪು ಬಿಳುಪು ಚಿತ್ರ, ಅದನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು 23 ಸೆಕೆಂಡು. ಫಿಲ್ಮ್ ಮಾರಿಯೇ ಬದುಕುತ್ತಿದ್ದ ಕಂಪನಿಗೆ ಫಿಲ್ಮ್ ಬೇಡದ ಕ್ಯಾಮೆರಾ ರುಚಿಸಲಿಲ್ಲ. ಅದೇ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು.

ನಡುವಿನ ವರ್ಷಗಳಲ್ಲಿ ನಮ್ಮಲ್ಲಿ ಫಿಲ್ಮಿನ ರಾಜ್ಯಭಾರವೇ. ಒಂದು ರೋಲಿಗೆ 36 ಚಿತ್ರ. ತೆಗೆದದ್ದು ಸರಿ ಬಂತೋ ಇಲ್ಲವೋ ತಿಳಿಯಲು ತೊಳೆಸುವವರೆಗೆ ಕಾಯಬೇಕು. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಬೆನ್ನುಹತ್ತಿದ್ದ ಪೂರ್ಣಚಂದ್ರ ತೇಜಸ್ವಿಯಂಥವರಿಗೆ ಗುಂಡಿ ಒತ್ತಿದಾಗಲೆಲ್ಲ ಖರ್ಚು. ಕಲಿಯುವವನಿಗೆ ಅದಕ್ಕಿಂತ ಕಷ್ಟ: ನೂರು ಕೆಟ್ಟ ಚಿತ್ರ ತೆಗೆಯದೆ ಒಂದು ಒಳ್ಳೆಯದು ಬರುವುದಿಲ್ಲ, ಆ ನೂರಕ್ಕೂ ದುಡ್ಡು ಕೊಡಬೇಕು.

1999ರಲ್ಲಿ ಬಂದ ನಿಕಾನ್ ಡಿ1 ಪತ್ರಿಕಾ ಛಾಯಾಗ್ರಾಹಕರನ್ನು ಫಿಲ್ಮಿನಿಂದ ಬಿಡಿಸಿತು. ಅದರದು 2.7 ಮೆಗಾಪಿಕ್ಸೆಲ್, ಬೆಲೆ 5,000 ಡಾಲರಿನ ಮೇಲೆ. ಆಗಿನ ವಿನಿಮಯ ದರದಲ್ಲಿ ಎರಡು ಲಕ್ಷ ದಾಟಿದ ಮೊತ್ತ ಅದೇ. ಕೊಳ್ಳುವವರು ಪತ್ರಿಕಾ ಕಚೇರಿಗಳು, ವ್ಯಕ್ತಿಗಳಲ್ಲ. ನಾಲ್ಕೇ ವರ್ಷದಲ್ಲಿ, 2003ರ ಆಗಸ್ಟಿನಲ್ಲಿ, ಕ್ಯಾನನ್ 300ಡಿ ಬಂತು: 6 ಮೆಗಾಪಿಕ್ಸೆಲ್, ಲೆನ್ಸಿಲ್ಲದ ಬರಿಯ ‘ಬಾಡಿ’ಯ ಬೆಲೆ 899 ಡಾಲರ್. ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ, ಅಂದರೆ ಡಿಎಸ್‌ಎಲ್‌ಆರ್, ಸಾವಿರ ಡಾಲರಿನ ಕೆಳಗೆ ಇಳಿದದ್ದು ಅದೇ ಮೊದಲು. ಮರುವರ್ಷ ನಿಕಾನ್ ಡಿ70 ಬಂದು ಪೈಪೋಟಿ ಕೊಟ್ಟಿತು. ಅಲ್ಲಿಂದ ಮುಂದೆ ಎರಡು ವರ್ಷಕ್ಕೊಂದು ಹೊಸ ಮಾದರಿ, ಪ್ರತಿಸಲ ಹೆಚ್ಚು ಮೆಗಾಪಿಕ್ಸೆಲ್, ಪ್ರತಿಸಲ ಹಳೆಯದಕ್ಕೆ ಬೆಲೆಯಿಲ್ಲ.

ಈ ಓಟ ಎಲ್ಲಿ ನಿಂತಿತು ಎಂಬುದರಲ್ಲಿ ಅಗ್ಗದ ಕ್ಯಾಮೆರಾದ ಗುಟ್ಟಿದೆ. 2012ರಲ್ಲಿ ನಿಕಾನ್ ತನ್ನ ಅತಿ ಅಗ್ಗದ ಸಾಲಿನ ಡಿ3200ಗೆ 24 ಮೆಗಾಪಿಕ್ಸೆಲ್ ಕೊಟ್ಟಿತು. ಆ ಸಾಲಿನ ಕೊನೆಯ ಕ್ಯಾಮೆರಾ, 2018ರ ಡಿ3500, ಅದಕ್ಕೂ 24. ಅದೇ ಕಂಪನಿಯ 2024ರ ಝಡ್6 III, ಲಕ್ಷಗಳ ಬೆಲೆಯದು, ಅದಕ್ಕೂ 24ರ ಆಸುಪಾಸು. ಫೋಕಸ್ ಹಿಡಿಯುವ ಜಾಣತನ, ವಿಡಿಯೊ, ಕತ್ತಲಲ್ಲಿ ನೋಡುವ ಶಕ್ತಿ ಇವುಗಳಲ್ಲಿ ಅಜಗಜಾಂತರ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಹಗಲು ಬೆಳಕಿನಲ್ಲಿ ತೆಗೆದು ಪತ್ರಿಕೆಯ ಅರ್ಧ ಪುಟದಲ್ಲಿ ಅಚ್ಚು ಹಾಕಿದರೆ ಓದುಗರಿಗೆ ಅಂತರ ಕಾಣದು. ಮಾರುಕಟ್ಟೆ ಮಾತ್ರ ಹಳೆಯದನ್ನು ಹಳೆಯದೆಂದೇ ಲೆಕ್ಕ ಹಾಕುತ್ತದೆ. ಕೊಳ್ಳುವವನ ಲಾಭ ಇರುವುದು ಈ ಎರಡರ ನಡುವಿನ ಸಂದಿಯಲ್ಲಿ.

ಹಳೆಯ ಬಾಡಿಗಳನ್ನು ರಾಶಿರಾಶಿಯಾಗಿ ಮಾರುಕಟ್ಟೆಗೆ ತಂದು ಸುರಿದದ್ದು ಮದುವೆ. 2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ II ಫೋಟೊ ಕ್ಯಾಮೆರಾದಲ್ಲೇ ಫುಲ್ ಎಚ್‌ಡಿ ವಿಡಿಯೊ ತೆಗೆಯತೊಡಗಿತು. 2010ರಲ್ಲಿ ಅಮೆರಿಕದ ‘ಹೌಸ್’ ಟಿವಿ ಧಾರಾವಾಹಿಯ ಒಂದು ಕಂತನ್ನು ಇದರಲ್ಲೇ ಚಿತ್ರೀಕರಿಸಿದರು. ನಮ್ಮ ಮದುವೆ ವಿಡಿಯೊದವರಿಗೆ ಅಷ್ಟು ಪುರಾವೆ ಬೇಕಿರಲಿಲ್ಲ. ಹೆಗಲ ಮೇಲಿನ ಭಾರದ ಕ್ಯಾಮೆರಾವನ್ನೂ ಕಣ್ಣು ಕುಕ್ಕುವ ಲೈಟನ್ನೂ ಬದಿಗಿಟ್ಟು, ಹಿನ್ನೆಲೆ ಮಸುಕಾಗಿ ವಧುವಿನ ಕಣ್ಣೊಂದೇ ಕಾಣುವ ‘ಸಿನಿಮ್ಯಾಟಿಕ್’ ಮದುವೆಗಳನ್ನು ಶುರುಮಾಡಿದರು. ಹಾಸನ, ಹುಬ್ಬಳ್ಳಿಯ ಸ್ಟುಡಿಯೊಗಳೂ ಇದಕ್ಕೆ ಹೊರತಲ್ಲ. 2013ರಲ್ಲಿ ಸೋನಿ ಎ7, 2018ರಲ್ಲಿ ಕ್ಯಾನನ್ ಮತ್ತು ನಿಕಾನ್‌ನ ದೊಡ್ಡ ಸೆನ್ಸರಿನ, ಒಳಗೆ ಕನ್ನಡಿಯಿಲ್ಲದ ‘ಮಿರರ್‌ಲೆಸ್’ ಕ್ಯಾಮೆರಾಗಳು ಬಂದ ಮೇಲೆ ಗ್ರಾಹಕರೇ ಕೇಳತೊಡಗಿದರು, ‘ಯಾವ ಕ್ಯಾಮೆರಾದಲ್ಲಿ ತೆಗೀತೀರಿ?’ ಸ್ಟುಡಿಯೊದವರು ಡಿಎಸ್‌ಎಲ್‌ಆರ್‌ಗಳನ್ನು ಕೊಟ್ಟು ಹೊಸದನ್ನು ಕೊಂಡರು.

ಇನ್ನೊಂದು ಕಡೆಯಿಂದ ಕ್ಯಾಮೆರಾವನ್ನು ಫೋನು ನುಂಗಿತು. ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟದ ಲೆಕ್ಕದಲ್ಲಿ 2010ರಲ್ಲಿ ಜಗತ್ತಿಗೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ 80 ಲಕ್ಷವೂ ಇಲ್ಲ. ಪ್ರವಾಸಕ್ಕೆಂದೋ ಮಗು ಹುಟ್ಟಿತೆಂದೋ ಡಿಎಸ್‌ಎಲ್‌ಆರ್ ಕೊಂಡವರು ಎರಡನೇ ವರ್ಷಕ್ಕೆ ಅದನ್ನು ಬೀರುವಿನ ಮೇಲಿಟ್ಟರು. ಸ್ಟುಡಿಯೊದಿಂದ ಬಂದದ್ದು ಹೆಚ್ಚು ದುಡಿದ ಕ್ಯಾಮೆರಾ, ಬೀರುವಿನಿಂದ ಇಳಿದದ್ದು ದುಡಿಯದೇ ಮುದಿಯಾದದ್ದು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿರುವುದು ಬಹುತೇಕ ಈ ಎರಡೇ ಜಾತಿ. ನನ್ನನ್ನು ಕೇಳಿದರೆ ಎರಡನೆಯದೇ ವಾಸಿ, ಲೆನ್ಸಿನೊಳಗೆ ಬೂಷ್ಟು ಹಿಡಿದಿರದಿದ್ದರೆ.

ದೆಹಲಿಯಲ್ಲಿ ಇವೆರಡೂ ಬಂದು ಸೇರುವ ಜಾಗ ಚಾಂದನಿ ಚೌಕದ ಕೂಚಾ ಚೌಧರಿ, ಫೋಟೊ ಮಾರ್ಕೆಟ್ ಎಂದೇ ಹೆಸರು. ಹೊಸ ಕ್ಯಾಮೆರಾ, ಆಲ್ಬಮ್, ಲೈಟು, ಟ್ರೈಪಾಡು, ಬಿಚ್ಚಿ ಹರವಿಕೊಂಡು ಕುಳಿತ ರಿಪೇರಿಯವರು, ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತ ಹಳೆಯ ಬಾಡಿಗಳು, ಎಲ್ಲವೂ ಅಲ್ಲಿವೆ. ಮೊದಲು ಮುನಿರ್ಕಾದಿಂದ ಅಲ್ಲಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಅರ್ಧ ದಿನದ ಕೆಲಸ. 2018ರ ಮೇ ತಿಂಗಳಲ್ಲಿ ಮೆಜೆಂಟಾ ಲೈನಿನ ಮೆಟ್ರೊ ಮುನಿರ್ಕಾಕ್ಕೆ ಬಂದ ಮೇಲೆ ಹೌಜ್ ಖಾಸ್‌ನಲ್ಲಿ ಹಳದಿ ಲೈನಿಗೆ ಬದಲಿಸಿದರೆ ಆಯಿತು. ಸೆಕೆಂಡ್ ಹ್ಯಾಂಡ್ ಕಾರಿನವರ ‘ಡಾಕ್ಟರ್ ಓಡಿಸಿದ ಗಾಡಿ’ಯ ಹಾಗೆ ಇಲ್ಲಿನವರ ಮಂತ್ರ ‘ಮದುವೆಗೆ ಹೋಗದ ಕ್ಯಾಮೆರಾ’. ನಂಬುವ ಅಗತ್ಯವಿಲ್ಲ, ಪರೀಕ್ಷಿಸಲು ದಾರಿ ಇದೆ.

ಡಿಎಸ್‌ಎಲ್‌ಆರ್‌ನ ಶಟರು ಯಂತ್ರ, ಸವೆಯುತ್ತದೆ. ನಿಕಾನ್ ಡಿ3100ರಂಥ ಆರಂಭದ ಮಾದರಿಗೆ ಕಂಪನಿ ಹೇಳುವ ಆಯುಸ್ಸು ಒಂದು ಲಕ್ಷ ಹೊಡೆತ, ಮೇಲಿನ ಸಾಲಿನ ಡಿ7000ಕ್ಕೆ ಒಂದೂವರೆ ಲಕ್ಷ. ನಿಕಾನ್ ತಾನು ತೆಗೆದ ಪ್ರತಿ ಚಿತ್ರದ ಕಡತದೊಳಗೇ ಈ ಲೆಕ್ಕ ಬರೆದಿಡುತ್ತದೆ. ಅಲ್ಲೇ ಒಂದು ಚಿತ್ರ ತೆಗೆದು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ನೋಡಿದರೆ ಶಟರ್ ಕೌಂಟ್ ಸಿಗುತ್ತದೆ. ಕ್ಯಾನನ್‌ನ ಬಹುತೇಕ ಮಾದರಿಗಳು ಹಾಗೆ ಬಾಯಿ ಬಿಡುವುದಿಲ್ಲ, ಕೇಬಲ್ ಹಾಕಿ ಬೇರೆ ತಂತ್ರಾಂಶದಿಂದ ಕೇಳಬೇಕು. ಅಂಗಡಿಯವನು ಅದಕ್ಕೆ ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ, ಸಾಲು ಉದ್ದವಿದೆ.

ಲೆನ್ಸಿನ ವಿಷಯದಲ್ಲಿ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರು, ಆಗುಂಬೆ ಕಡೆ ಮಳೆಗಾಲ ಕಳೆದ ಲೆನ್ಸಿಗೆ ಬೂಷ್ಟಿನ ಭಯ. ದೆಹಲಿಯಲ್ಲಿ ಅದು ಕಡಿಮೆ, ಆದರೆ ಧೂಳು ವಿಪರೀತ. ರಿಂಗ್ ರಸ್ತೆಯ ಬದಿಯಲ್ಲಿ ನಿಂತು ಲೆನ್ಸ್ ಬದಲಿಸಿದ ಪುಣ್ಯಾತ್ಮರ ಸೆನ್ಸರಿನ ಮೇಲೆ ಅರ್ಧ ರಾಜಸ್ಥಾನವೇ ಕೂತಿರುತ್ತದೆ. ಲೆನ್ಸನ್ನು ಬಿಚ್ಚಿ ಹಿಂದಿನಿಂದ ಟಾರ್ಚು ಬಿಟ್ಟರೆ ಜೇಡರ ಬಲೆಯಂಥ ಬೂಷ್ಟಿನ ಎಳೆ ಕಾಣುತ್ತದೆ. ಅಪರ್ಚರನ್ನು ಎಫ್16ಕ್ಕೆ ಇಟ್ಟು ಬರಿಯ ಆಕಾಶದ ಚಿತ್ರ ತೆಗೆದರೆ ಧೂಳು ಕಪ್ಪು ಚುಕ್ಕೆಯಾಗಿ ಮೂಡುತ್ತದೆ. ಧೂಳನ್ನು ತೆಗೆಸಬಹುದು, ಬೂಷ್ಟು ಗಾಜಿನ ಲೇಪ ತಿಂದಿದ್ದರೆ ಏನೂ ಮಾಡಲಾಗದು.

ಹಣ ಕಡಿಮೆ ಇರುವವರು ಹೆಚ್ಚು ಎಡವುವುದು ನಿಕಾನ್‌ನಲ್ಲಿ ಒಂದು ಕಡೆ. 1959ರಿಂದ ನಿಕಾನ್‌ನ ಎಸ್‌ಎಲ್‌ಆರ್, ಡಿಎಸ್‌ಎಲ್‌ಆರ್‌ಗಳಿಗೆ ಲೆನ್ಸಿನ ಕೊಂಡಿ ಒಂದೇ, ಎಫ್ ಮೌಂಟ್. ಆದ್ದರಿಂದ ಹಳೆಯ ಅಗ್ಗದ ಲೆನ್ಸೂ ಕೂರುತ್ತದೆ. ಆದರೆ 2006ರ ಡಿ40ಯಿಂದ ಹಿಡಿದು ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಎಎಫ್-ಡಿ ಎಂದು ಬರೆದ ಲೆನ್ಸ್ ಹಾಕಿದರೆ ಕೈಯಲ್ಲೇ ತಿರುಗಿಸಬೇಕು. ಎಎಫ್-ಎಸ್‌ನಂಥ, ಒಳಗೇ ಮೋಟಾರ್ ಇರುವ ಲೆನ್ಸೇ ಬೇಕು. ಕ್ಯಾನನ್‌ನಲ್ಲಿ ಈ ತಕರಾರಿಲ್ಲ, 1987ರ ಇಎಫ್ ಮೌಂಟಿನ ಲೆನ್ಸುಗಳಲ್ಲೇ ಮೋಟಾರ್ ಇದೆ. ಅದರ 50 ಎಂಎಂ ಎಫ್1.8 ಲೆನ್ಸು ಬಡ ಛಾಯಾಗ್ರಾಹಕರ ಪಾಲಿಗೆ ವರ.

ಈಚೆಗೆ ಇನ್ನೊಂದು ಗೀಳು ಬಂದಿದೆ. 2000ದ ದಶಕದ ಪುಟ್ಟ ಸಿಸಿಡಿ ಕ್ಯಾಮೆರಾಗಳು, ಆಗ ಅಪ್ಪ ಅಮ್ಮಂದಿರು ಎಸೆದಂಥವು, ಇಪ್ಪತ್ತರ ಹರೆಯದವರಿಗೆ ಫ್ಯಾಷನ್ ಆಗಿವೆ. ಫ್ಲ್ಯಾಶಿನ ಬಿಳುಪು, ಆ ಬಣ್ಣ ಬೇಕಂತೆ. ಬೇಡಿಕೆ ಎಷ್ಟೆಂದರೆ ಕುಸಿಯುತ್ತಲೇ ಇದ್ದ ಹೊಸ ಕಾಂಪ್ಯಾಕ್ಟ್‌ಗಳ ರವಾನೆ 2024ರಲ್ಲಿ ಮತ್ತೆ ಏರಿತು. ಈ ಹಳೆಯವನ್ನು ಕೊಳ್ಳುವವರಿಗೆ ಮೂರು ತೊಡಕುಗಳಿವೆ. ಒಲಿಂಪಸ್, ಫ್ಯೂಜಿಯ ಅನೇಕ ಮಾದರಿಗಳು ಎಕ್ಸ್‌ಡಿ ಕಾರ್ಡ್ ಕೇಳುತ್ತವೆ, ಅದರ ತಯಾರಿಕೆ ನಿಂತಿದೆ. 2006ರಲ್ಲಿ ಎಸ್‌ಡಿಎಚ್‌ಸಿ ಬರುವ ಮೊದಲಿನವು ಸಾಮಾನ್ಯವಾಗಿ 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡನ್ನು ಗುರುತಿಸುವುದಿಲ್ಲ. ಮೂರನೆಯದು ಸಿಸಿಡಿಯೊಳಗೇ ಇದ್ದ ದೋಷ: ಸೋನಿ ತಯಾರಿಸಿದ ಕೆಲವು ಚಿಪ್ಪುಗಳ ಒಳತಂತಿ ಬಿಸಿ ಮತ್ತು ತೇವದ ಹವೆಯಲ್ಲಿ ಸಡಿಲವಾಗುತ್ತಿತ್ತು. 2005ರ ಅಕ್ಟೋಬರಿನಲ್ಲಿ ಸೋನಿ, ಕ್ಯಾನನ್, ನಿಕಾನ್ ಸೇರಿ ಹಲವು ಕಂಪನಿಗಳು ಇದನ್ನು ಒಪ್ಪಿಕೊಂಡು ಉಚಿತ ದುರಸ್ತಿ ಘೋಷಿಸಿದವು. ಆ ಸೌಲಭ್ಯದ ಕಾಲ ಮುಗಿದಿದೆ, ಬಿಸಿ ಮತ್ತು ತೇವ ನಮ್ಮಲ್ಲಿ ಹಾಗೇ ಇವೆ. ಪರದೆಯ ಮೇಲೆ ನೇರಳೆ ಗೆರೆ ಕಂಡರೆ ಕೈಬಿಡಿ.

ಹೊಸದಕ್ಕೂ ಹಳೆಯದಕ್ಕೂ ಬೆಲೆಯ ಅಂತರ ಹಿಗ್ಗಲು ತೆರಿಗೆಯೂ ಒಂದು ಕಾರಣ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಡಿಜಿಟಲ್ ಕ್ಯಾಮೆರಾಕ್ಕೆ ಶೇಕಡ 28, 2019ರ ಜನವರಿಯಿಂದ 18. ಹಳೆಯ ಸರಕು ಮಾರುವ ವರ್ತಕ ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಲಾಭದ ಮೇಲಷ್ಟೇ ಜಿಎಸ್‌ಟಿ ಕಟ್ಟಲು ಅವಕಾಶವಿದೆ. ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ ದಾಟಿದರೆ ಅದೂ ಇಲ್ಲ. ಹಾಗೆಂದು ಬಿಲ್ಲಿಲ್ಲದೆ ಕೊಳ್ಳುವುದು ಅಪಾಯ. ಕದ್ದ ಫೋನನ್ನು ತಡೆಯಲು ಸರ್ಕಾರದ ವ್ಯವಸ್ಥೆಯಿದೆ, ಕ್ಯಾಮೆರಾಕ್ಕೆ ಅಂಥದ್ದಿಲ್ಲ. ಮೂಲ ಬಿಲ್ಲಿನ ಮೇಲಿನ ಸೀರಿಯಲ್ ನಂಬರನ್ನು ಬಾಡಿಯ ತಳದ ನಂಬರಿನೊಂದಿಗೆ ಹೋಲಿಸಿ. ಬಿಲ್ಲು ಕಳೆದಿದ್ದರೆ ಮಾರುವವರ ಗುರುತಿನ ಚೀಟಿಯ ಪ್ರತಿಯ ಜೊತೆ ಒಂದು ಸಾಲು ಬರೆಸಿಕೊಳ್ಳಿ. ಸ್ನೇಹಿತರಾದರೂ ಸರಿ.

ಹತ್ತು ಹದಿನೈದು ಸಾವಿರ ಕೂಡಿಟ್ಟವರಿಗೆ ನನ್ನ ಸಲಹೆ: ಇಡೀ ಹಣವನ್ನು ಬಾಡಿಯ ಮೇಲೆ ಸುರಿಯಬೇಡಿ. ಬಾಡಿಯ ಬೆಲೆ ಇನ್ನೂ ಇಳಿಯುತ್ತದೆ, ಒಳ್ಳೆಯ ಲೆನ್ಸು ಬೆಲೆ ಉಳಿಸಿಕೊಳ್ಳುತ್ತದೆ. ಶಟರ್ ಕೌಂಟ್ ಕಡಿಮೆಯಿರುವ ಒಂದು ಹಳೆಯ ಕ್ಯಾನನ್, ಅದಕ್ಕೊಂದು 50 ಎಂಎಂ, ಕಂಪನಿಯದೇ ಬ್ಯಾಟರಿ, ಇಷ್ಟಿದ್ದರೆ ಪತ್ರಿಕೋದ್ಯಮದ ವಿದ್ಯಾರ್ಥಿಗೆ ವರ್ಷಕ್ಕೆ ಸಾಕು. ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡು, ಟಾರ್ಚು ಜೊತೆಗಿರಲಿ, ಮತ್ತು ಭಾನುವಾರ ಹೊರಡಬೇಡಿ. ಚಾಂದನಿ ಚೌಕದ ಅಂಗಡಿಗಳಿಗೆ ಅಂದು ರಜೆ.