ಕರು ಯಾವುದು, ಮರಿ ಯಾವುದು?

ಶಿವಮೊಗ್ಗದ ಬಳಿಯ ಸಕ್ರೆಬೈಲು ಆನೆ ಬಿಡಾರ. ಇಲ್ಲಿ ಹುಟ್ಟುವ ಆನೆಯ ಕೂಸು ಸುಮಾರು 100 ಕಿಲೋ ತೂಗುತ್ತದೆ. ಆದರೂ ಕನ್ನಡಿಗರ ಬಾಯಲ್ಲಿ ಅದು ಮರಿಯೇ.

ಹಸು, ಎಮ್ಮೆ ಹಾಕುವುದು ಕರು. ಕುರಿ, ಮೇಕೆ, ನಾಯಿ, ಬೆಕ್ಕು ಹಾಕುವುದು ಮರಿ. ಕೋಳಿಯದು ಬೇರೆ ಮಾತು: ಅದು ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುತ್ತದೆ. ಹಾವು, ಮೀನು, ಮೊಸಳೆ ಎಲ್ಲಕ್ಕೂ ಮರಿ ಸಲ್ಲುತ್ತದೆ. ಹಸುವಿನ ಮರಿ ಎಂದರೆ ಮಾತ್ರ ಹಳ್ಳಿಯ ಅಜ್ಜಿ ತಕ್ಷಣ ತಿದ್ದುತ್ತಾರೆ.

ಹಳಗನ್ನಡದಲ್ಲಿ ಮರಿ ಎಂಬ ಪದವನ್ನು ಶಕಟರೇಫ ಎಂಬ ಅಕ್ಷರ ಹಾಕಿ ‘ಮಱಿ’ ಎಂದು ಬರೆಯುತ್ತಿದ್ದರು. ಆ ಅಕ್ಷರ ಬಳಕೆ ತಪ್ಪಿತು, ಪದ ಉಳಿಯಿತು. ತಮಿಳಿನಲ್ಲೂ ಕುರಿ, ಜಿಂಕೆಗಳ ಮರಿಗೆ ಇದೇ ಹೆಸರಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕರಲ್ಲಿ ಒಬ್ಬನ ಹೆಸರು ಮರಿಯಾನೆ! ಯುದ್ಧಕ್ಕೆ ನಡೆದ ವೀರನಿಗೆ ಎಷ್ಟು ಮುದ್ದಾದ ಹೆಸರು.

ಮನುಷ್ಯರಿಗೂ ಈ ಪದ ಸೊಗಸಾಗಿ ಒಗ್ಗಿದೆ. “ಬಾ ಮರಿ, ಒಂದು ತುತ್ತು ತಿನ್ನು” ಎಂದು ತಾಯಿ ಕರೆದರೆ ಅಲ್ಲಿ ಗಂಡು ಹೆಣ್ಣಿನ ಭೇದವಿಲ್ಲ. ಮೊಮ್ಮಗನ ಮಗ ಮರಿಮಗ.

ಅದೇ ಪದ ಬೀದಿಗೆ ಬಂದರೆ ಧಾಟಿ ಬದಲಾಗುತ್ತದೆ. ‘ಮರಿ ಪುಢಾರಿ’ ಎಂದಾಗ ಮುದ್ದಿಲ್ಲ, ಚುಚ್ಚು ಇದೆ.

ತೋಟದಲ್ಲಿ ಬಾಳೆಯ ಬುಡದಿಂದ ಏಳುವ ಎಳೆಯ ಗಿಡಕ್ಕೆ ಕಂದು ಎನ್ನುತ್ತಾರೆ, ಮರಿ ಎಂದೂ ಕರೆಯುವುದುಂಟು. ನಿಮ್ಮೂರಿನಲ್ಲಿ ಎಳೆಯ ಜೀವಗಳಿಗೆ ಬೇರೆ ಹೆಸರುಗಳಿದ್ದರೆ ಹಿರಿಯರನ್ನು ಕೇಳಿ, ಬರೆದಿಟ್ಟುಕೊಳ್ಳಿ.