ಕಲ್ಲಿನಿಂದ ಬಂದ ಗಾಳಿ

ಹುನಗುಂದದ ಹೈಸ್ಕೂಲ್ ಹುಡುಗಿಯೊಬ್ಬಳು ಕೇಳಿದ್ದಾಳೆ: "ಐಹೊಳಿ ಲಾಡಖಾನ್ ಗುಡಿಯಾಗ ಜಾಲರಿ ಕಿಟಕಿಯಿಂದ ಬಿಸಿಲಕೋಲು ಬಿದ್ದಾಗ ಸಣ್ಣ ಸಣ್ಣ ಚುಕ್ಕಿ ಕುಣಿತಾವಲ್ರಿ ಸರ್, ಅವು ಆಕ್ಸಿಜನ್ ಏನ್ರಿ?"

ಅಲ್ಲವ್ವ ತಂಗಿ, ಅದು ದೂಳು. ಆಕ್ಸಿಜನ್ ಅಣುಗಳನ್ನು ಸುಮಾರು ಮೂವತ್ತು ಸಾವಿರ ಸಾಲಾಗಿ ಜೋಡಿಸಿದರೆ ಅಂಥ ಒಂದು ಸಣ್ಣ ಕಣದ ಅಗಲ ಆದೀತು. ಗಾಳಿ ಎಂದರೆ ಆಕ್ಸಿಜನ್ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ, ಅದೂ ತಪ್ಪು. ಒಣ ಗಾಳಿಯಲ್ಲಿ ಶೇ 78 ನೈಟ್ರೋಜನ್, ಆಕ್ಸಿಜನ್ ಶೇ 21 ಅಷ್ಟೇ. ಉಳಿದ ಶೇ 1ರಷ್ಟರಲ್ಲಿ ಎಲ್ಲರ ಬಾಯಲ್ಲೂ ಇರುವ ಇಂಗಾಲದ ಡೈಆಕ್ಸೈಡ್ ಬರೀ ಶೇ 0.04. ಮಿಕ್ಕಿದ್ದು ಹೆಚ್ಚುಕಡಿಮೆ ಪೂರ್ತಿ ಆರ್ಗಾನ್.

ನನಗೆ ಬಲು ಇಷ್ಟದ ಅನಿಲ ಇದು. 1894ರಲ್ಲಿ ರ‍್ಯಾಲೀ ಮತ್ತು ರ‍್ಯಾಮ್ಸೆ ಇದನ್ನು ಹಿಡಿದಾಗ ಯಾವುದರೊಡನೆಯೂ ಕೂಡದ ಇದರ ಗುಣ ಕಂಡು ಗ್ರೀಕ್ ಭಾಷೆಯಲ್ಲಿ 'ಸೋಮಾರಿ' ಎಂದು ಹೆಸರಿಟ್ಟರು. ಅರ್ಧ ಲೀಟರಿನ ಒಂದು ಉಸಿರಿನಲ್ಲಿ ಹತ್ತಿರ ಹತ್ತಿರ ಒಂದು ಟೀ ಚಮಚದಷ್ಟು ಆರ್ಗಾನ್ ಒಳಗೆ ಹೋಗುತ್ತದೆ, ಹೋದ ಹಾಗೇ ಹೊರಗೆ ಬರುತ್ತದೆ.

ಇಷ್ಟೆಲ್ಲ ಎಲ್ಲಿಂದ ಬಂತು? ಕಲ್ಲಿನಿಂದ! ಇಳಕಲ್ಲಿನ ಕೆಂಪು ಗ್ರಾನೈಟನ್ನು ನೀರು ಹಾಕಿ ಒರೆಸಿ ನೋಡಿ. ಮಾಂಸದ ಬಣ್ಣದ ದಪ್ಪ ಹರಳುಗಳು ಎದ್ದು ಕಾಣುತ್ತವೆ. ಅವು ಪೊಟ್ಯಾಸಿಯಂ ತುಂಬಿದ ಫೆಲ್ಡ್‌ಸ್ಪಾರ್. ಅದರೊಳಗಿನ ಲಕ್ಷ ಪೊಟ್ಯಾಸಿಯಂ ಪರಮಾಣುಗಳಲ್ಲಿ ಸುಮಾರು 12 ಸ್ಥಿರವಲ್ಲದವು, ಪೊಟ್ಯಾಸಿಯಂ-40. ಅವುಗಳಲ್ಲಿ ಅರ್ಧ ಕ್ಷಯಿಸಲು 125 ಕೋಟಿ ವರ್ಷ ಬೇಕು. ಕ್ಷಯಿಸಿದ ಹತ್ತರಲ್ಲಿ ಒಂಬತ್ತು ಕ್ಯಾಲ್ಸಿಯಂ ಆಗುತ್ತವೆ, ಒಂದು ಆರ್ಗಾನ್. ಹರಳಿನಲ್ಲಿ ಸೆರೆಯಾದ ಅದು ಕಲ್ಲು ಕರಗಿದಾಗ, ಸವೆದಾಗ ಗಾಳಿಗೆ ಸೇರುತ್ತದೆ. ಇಂದಿನ ಗಾಳಿಯ ಆರ್ಗಾನಿನಲ್ಲಿ ಶೇ 99ಕ್ಕೂ ಹೆಚ್ಚು ಹೀಗೆ ಭೂಮಿಯ ಕಲ್ಲಿನಲ್ಲೇ ಹುಟ್ಟಿದ್ದು. ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿ 634ರಲ್ಲಿ ಶಾಸನ ಬರೆಸಿದಾಗಲೂ ಗಾಳಿಯಲ್ಲಿ ಇಷ್ಟೇ ಆರ್ಗಾನ್ ಇತ್ತು. ಅದರ ಲೆಕ್ಕದಲ್ಲಿ ಹದಿನಾಲ್ಕು ಶತಮಾನ ಏನೂ ಅಲ್ಲ.

ಅದೇ ಕಲ್ಲು ಗಾಳಿ ಸೇರಲು ಇನ್ನೊಂದು ದಾರಿಯಿದೆ: ಕಟಿಂಗ್ ಮಷಿನ್. ಒಣಗಲ್ಲಿಗೆ ಬ್ಲೇಡ್ ತಾಗಿದೊಡನೆ ಏಳುವ ಬಿಳಿ ದೂಳು ಕೆಲಸಗಾರರ ರೆಪ್ಪೆಗೂದಲ ಮೇಲೆ ಕೂತಿದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕಣ್ಣಿಗೆ ಕಾಣುವ ಕಣಗಳನ್ನು ಬಹುಮಟ್ಟಿಗೆ ಮೂಗು, ಗಂಟಲೇ ತಡೆಯುತ್ತವೆ. ಶ್ವಾಸಕೋಶದ ತಳ ಮುಟ್ಟುವುದು ಐದು ಮೈಕ್ರಾನಿಗೂ ಚಿಕ್ಕದಾದ, ಕಲ್ಲಿನ ಸಿಲಿಕಾ ಚೂರು. ಅದು ತರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ವಾಸಿಯಾಗುವುದಿಲ್ಲ.

ಬೆಲ್ಲ ತಿಂದರೆ ದೂಳು ಕಳೆಯುತ್ತದೆ ಎನ್ನುವವರಿಗೆ ಒಂದು ಮಾತು. ಬೆಲ್ಲ ಹೋಗುವುದು ಹೊಟ್ಟೆಗೆ, ದೂಳು ಇರುವುದು ಶ್ವಾಸಕೋಶದಲ್ಲಿ. ಈ ಸುಳ್ಳು ಸಮಾಧಾನ ಹೇಳಿ ಯಾರನ್ನೂ ಕೆಲಸಕ್ಕೆ ಕಳಿಸಬೇಡಿ. ಮೂಗಿಗೆ ಕಟ್ಟಿದ ಟವೆಲ್ಲೂ ಆ ಚೂರನ್ನು ತಡೆಯದು. ಬ್ಲೇಡಿನ ಮೇಲೆ ನೀರು ಹರಿಯುತ್ತಿರಬೇಕು, ಮುಖಕ್ಕೆ ಸರಿಯಾದ ಮಾಸ್ಕ್ ಇರಬೇಕು. ನೀರು ಹರಿಸಿ ಕೊಯ್ಯುವ ಕಡೆ ಹೋಗಿ ನೋಡಿ: ದೂಳಿನ ಬಹುಪಾಲು ಬೂದು ಕೆಸರಾಗಿ ಕಾಲಡಿ ಹರಿದು ಹೋಗುತ್ತಿರುತ್ತದೆ.