ಶಾಸಕರ ಬಾಗಿಲಿಗೆ ಹೋದ ಹಳೆಯ ವಿದ್ಯಾರ್ಥಿಗಳು

1917ರ ಜೂನ್ ತಿಂಗಳಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಗವರ್ನರ್ ಜೇಮ್ಸ್ ಫರ್ಗ್ಯುಸನ್ ಲೇಖನಿ ಹಿಡಿದು ಕೂತು, ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಶಾಸನಸಭೆ ಮಂಜೂರು ಮಾಡಿದ್ದ ಎರಡು ವರ್ಷಗಳ ಅನುದಾನವನ್ನು ಹೆಚ್ಚುಕಡಿಮೆ ಪೂರ್ತಿ ಹೊಡೆದುಹಾಕಿದರು. ಕಾರಣ ಖಜಾನೆಯ ಬಡತನವಲ್ಲ. ತಮಗೆ ಬೇಡವಾದ ಕೆಲವು ಅಧ್ಯಾಪಕರನ್ನು ತೆಗೆದುಹಾಕಿ ಎಂದು ಅವರು ಹಿಂದಿನ ವರ್ಷದಿಂದಲೂ ಒತ್ತಾಯಿಸುತ್ತಿದ್ದರು. ಕಾರಣ ಹೇಳದೆ ಯಾರನ್ನೂ ಕಳಿಸಲಾಗದು ಎಂದು ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ವಿನ್ಸನ್ ಪಟ್ಟು ಹಿಡಿದಿದ್ದರು. ಮೇ 28ರಂದು ವಿದ್ಯಾರ್ಥಿಗಳು ಮೆರವಣಿಗೆಯಲ್ಲಿ ಗವರ್ನರ್ ಕಚೇರಿಯ ತನಕ ಹೋಗಿ ಕೂಗಿ ಬಂದರು. ಅದಾದ ಕೆಲವೇ ದಿನಗಳಲ್ಲಿ ಅನುದಾನ ಹೋಯಿತು.

ಸರ್ಕಾರಿ ವಿಶ್ವವಿದ್ಯಾಲಯದ ಪರವಾಗಿ ಇಂಥ ಹೊತ್ತಿನಲ್ಲಿ ಯಾರು ಮಾತಾಡಬೇಕು? ಅಧ್ಯಾಪಕರು ಮಾತಾಡಿದರೆ ಸಂಬಳಕ್ಕಾಗಿ ಅಳುತ್ತಾರೆ ಎನ್ನುತ್ತಾರೆ. ಆಡಳಿತ ನಡೆಸುವವರ ನೇಮಕ, ವಜಾ ಎಲ್ಲವೂ ಸರ್ಕಾರದ ಕಡೆಯಿಂದಲೇ ಬರಬೇಕು. ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಆಗ ಮತದಾನದ ಹಕ್ಕೇ ಇರಲಿಲ್ಲ, ಅದಕ್ಕೆ 21 ತುಂಬಿರಬೇಕಿತ್ತು. ಉಳಿದವರು ಹಳೆಯ ವಿದ್ಯಾರ್ಥಿಗಳು. ಅವರಿಗೆ ವಿಶ್ವವಿದ್ಯಾಲಯದಿಂದ ಈಗ ಬರಬೇಕಾದ್ದು ಏನೂ ಇಲ್ಲ. ಅವರು ರಾಜ್ಯದ ಮೂಲೆಮೂಲೆಯಲ್ಲಿ ವಕೀಲರಾಗಿ, ವೈದ್ಯರಾಗಿ, ಬ್ಯಾಂಕು ನಡೆಸುವವರಾಗಿ, ಜಮೀನ್ದಾರರಾಗಿ ನೆಲೆಸಿರುತ್ತಾರೆ. ಶಾಸಕರ ಪಾಲಿಗೆ ಅವರು ಕ್ಷೇತ್ರದ ಮತದಾರರು, ಕೆಲವೊಮ್ಮೆ ಕುಟುಂಬದ ವೈದ್ಯರು, ಚುನಾವಣೆಗೆ ಹಣ ಕೊಟ್ಟವರು. ಕ್ಯಾಂಪಸ್ಸಿನ ಒಳಗಿನಿಂದ ಬಂದ ಮನವಿಗೂ ಸ್ವಂತ ಕ್ಷೇತ್ರದಿಂದ ಬಂದ ಕಾಗದಕ್ಕೂ ಶಾಸಕರು ಕೊಡುವ ಬೆಲೆ ಒಂದೇ ಅಲ್ಲ.

ಇದನ್ನು ಚೆನ್ನಾಗಿ ಅರಿತಿದ್ದವರು ವಿಲ್ ಹಾಗ್. ಅವರ ತಂದೆ ಹಿಂದೊಮ್ಮೆ ಟೆಕ್ಸಸ್ ಗವರ್ನರ್ ಆಗಿದ್ದವರು. ಮಗ ಅದೇ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಹ್ಯೂಸ್ಟನ್ನಿನಲ್ಲಿ ವ್ಯಾಪಾರ ವಹಿವಾಟು ನಡೆಸುತ್ತ, ಹಳೆಯ ವಿದ್ಯಾರ್ಥಿಗಳ ಸಂಘ ಕಟ್ಟುವುದರಲ್ಲಿ ಮುಂದಿದ್ದರು. ಅನುದಾನ ನಿಂತ ಕೂಡಲೇ ಅವರು ಆಸ್ಟಿನ್ನಿನ ಡ್ರಿಸ್ಕಿಲ್ ಹೋಟೆಲಿನಲ್ಲಿ ಬಿಡಾರ ಹೂಡಿ ಅಲ್ಲೇ ಕಚೇರಿ ತೆರೆದರು. ಊರೂರಿನ ಹಳೆಯ ವಿದ್ಯಾರ್ಥಿಗಳಿಗೆ ಕಾಗದ ಹೋಯಿತು, ಅವರಿಂದ ಶಾಸಕರಿಗೆ ಕಾಗದ ಬಂತು. ಗವರ್ನರ್ ಹಿಂದೆಮುಂದೆ ಆಡಿದ ಮಾತುಗಳನ್ನೇ ಒಟ್ಟುಗೂಡಿಸಿ ಕರಪತ್ರ ಅಚ್ಚಾಯಿತು. ಕೌಬಾಯ್ ಹಾಡುಗಳನ್ನು ಸಂಗ್ರಹಿಸಿ ಹೆಸರಾದ ಜಾನಪದ ವಿದ್ವಾಂಸ ಜಾನ್ ಲೋಮ್ಯಾಕ್ಸ್ ಈ ಸಂಘಕ್ಕಾಗಿ ದುಡಿದವರು. ಆ ವರ್ಷ ಕೆಲಸ ಕಳೆದುಕೊಂಡವರಲ್ಲಿ ಅವರೂ ಒಬ್ಬರು. ಸರ್ಕಾರ ಹಣ ಕೊಡದಿದ್ದರೆ ವಿಶ್ವವಿದ್ಯಾಲಯದ ಖರ್ಚು ನಾವು ಹೊರುತ್ತೇವೆ ಎಂದು ಜಾರ್ಜ್ ಲಿಟಲ್‌ಫೀಲ್ಡ್ ಮತ್ತು ಜಾರ್ಜ್ ಬ್ರಾಕೆನ್‌ರಿಜ್ ಎಂಬ ಇಬ್ಬರು ಶ್ರೀಮಂತ ಪೋಷಕರು ಮುಂದೆ ಬಂದರು.

ಮಿನ್ನಿ ಫಿಶರ್ ಕನಿಂಗ್‌ಹ್ಯಾಮ್ ಅವರ ಪಾತ್ರವನ್ನು ಬಿಟ್ಟು ಈ ಕಥೆ ಹೇಳುವುದು ಅನ್ಯಾಯ. ಗ್ಯಾಲ್ವೆಸ್ಟನ್ನಿನಲ್ಲಿದ್ದ ಇದೇ ವಿಶ್ವವಿದ್ಯಾಲಯದ ವೈದ್ಯಕೀಯ ಶಾಖೆಯಲ್ಲಿ 1901ರಲ್ಲಿ ಔಷಧಶಾಸ್ತ್ರದ ಪದವಿ ಪಡೆದಿದ್ದ ಅವರು ಮಹಿಳಾ ಮತದಾನ ಚಳವಳಿಯ ನಾಯಕಿ. ಫರ್ಗ್ಯುಸನ್ ಆ ಚಳವಳಿಯ ಕಡುವಿರೋಧಿ. ಸ್ವತಃ ಮತವಿಲ್ಲದ ಹೆಂಗಸರು ಕನಿಂಗ್‌ಹ್ಯಾಮ್ ಅವರ ಮುಂದಾಳುತನದಲ್ಲಿ ಶಾಸಕರನ್ನು ಒಲಿಸುವ ಕೆಲಸಕ್ಕೆ ಇಳಿದರು. ಮರುವರ್ಷ, 1918ರಲ್ಲಿ, ಅಭ್ಯರ್ಥಿಗಳನ್ನು ಆರಿಸುವ ಪಕ್ಷಗಳ ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಟೆಕ್ಸಸ್‌ನ ಹೆಂಗಸರಿಗೆ ದೊರೆಯಿತು.

ಫರ್ಗ್ಯುಸನ್ ಅವರ ವಾದಕ್ಕೂ ಬಲವಿತ್ತು ಎನ್ನುವುದನ್ನು ಮರೆಯಬಾರದು. ಹಳ್ಳಿಶಾಲೆಗಳಿಗೆ ಅವರು ನಿಜವಾಗಿ ಹಣ ಕೊಡಿಸಿದ್ದರು, ಗೇಣಿ ರೈತರ ಪರವಾಗಿ ಕಾನೂನು ತಂದಿದ್ದರು. ವಿಶ್ವವಿದ್ಯಾಲಯ ಉಳ್ಳವರ ಮಕ್ಕಳ ಜಾಗ, ಅದರ ಖರ್ಚು ಹೊರುವವನು ರೈತ ಎಂಬ ಅವರ ಮಾತು ಹಳ್ಳಿಗಳಲ್ಲಿ ನಾಟುತ್ತಿತ್ತು. ಈ ಮಾತಿಗೆ ರಾಜಧಾನಿಯಲ್ಲಿ ಕೂತ ಪ್ರೊಫೆಸರ್ ಉತ್ತರ ಕೊಟ್ಟರೆ ಉಪಯೋಗವಿಲ್ಲ. ಆ ಊರುಗಳಲ್ಲೇ ಬಾಳುತ್ತಿದ್ದ ಪದವೀಧರರು ಕೊಟ್ಟಾಗ ಜನ ಕೇಳಿದರು.

ವಿಶ್ವವಿದ್ಯಾಲಯದ ಅನುದಾನಕ್ಕೆಂದು ಕರೆದ ವಿಶೇಷ ಅಧಿವೇಶನದಲ್ಲೇ ಕೆಳಮನೆ ಗವರ್ನರ್ ಮೇಲೆ 21 ಆರೋಪ ಹೊರಿಸಿತು. ಮೇಲ್ಮನೆ ಅವುಗಳಲ್ಲಿ 10ನ್ನು ಎತ್ತಿಹಿಡಿಯಿತು. ಆ ಹತ್ತರಲ್ಲಿ ಮೂರು ವಿಶ್ವವಿದ್ಯಾಲಯದೊಂದಿಗಿನ ಜಗಳದವು, ಐದು ಸಾರ್ವಜನಿಕ ಹಣದ ದುರುಪಯೋಗದವು, ಇನ್ನೊಂದು ಯಾರಿಂದ ಬಂತೆಂದು ಅವರು ಹೇಳಲೊಪ್ಪದ 1,56,500 ಡಾಲರ್ ಕುರಿತದ್ದು. ತೀರ್ಪಿನ ಹಿಂದಿನ ದಿನ ರಾಜೀನಾಮೆ ಕೊಟ್ಟರೂ ಅವರಿಗೆ ಆ ರಾಜ್ಯದ ಹುದ್ದೆಗಳ ಬಾಗಿಲು ಮುಚ್ಚಿತು. ವಿಶ್ವವಿದ್ಯಾಲಯಕ್ಕೆ ಹಣ ಮತ್ತೆ ಮಂಜೂರಾಯಿತು.

ಎಲ್ಲ ಕಡೆಯೂ ಹೀಗೆ ಮುಗಿಯುವುದಿಲ್ಲ. 2019ರ ಜೂನ್ 28ರಂದು ಅಲಾಸ್ಕಾದ ಗವರ್ನರ್ ಮೈಕ್ ಡನ್‌ಲೀವಿ ಅಲಾಸ್ಕಾ ವಿಶ್ವವಿದ್ಯಾಲಯದ ಅನುದಾನದಲ್ಲಿ 13 ಕೋಟಿ ಡಾಲರ್ ಕತ್ತರಿಸಿದರು. ಶಾಸನಸಭೆ ಮೊದಲೇ ಮಾಡಿದ್ದ ಕಡಿತವೂ ಸೇರಿ ರಾಜ್ಯದ ನೆರವಿನಲ್ಲಿ ಶೇಕಡಾ 41 ಖೋತಾ. ಎಣ್ಣೆಯ ಆದಾಯ ಇಳಿದಿತ್ತು. ರಾಜ್ಯದ ಎಣ್ಣೆ ನಿಧಿಯಿಂದ ಪ್ರತಿ ನಿವಾಸಿಗೂ ಸುಮಾರು 3,000 ಡಾಲರ್ ಲಾಭಾಂಶ ಕೊಡುವ ಭರವಸೆಯ ಮೇಲೆ ಅವರು ಗೆದ್ದು ಬಂದಿದ್ದರು. ಅವರೂ ಅದೇ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು! ಹಳೆಯ ವಿದ್ಯಾರ್ಥಿಯಾದ ಮಾತ್ರಕ್ಕೆ ಯಾರೂ ತಾನಾಗಿ ಬೆಂಬಲಿಗರಾಗುವುದಿಲ್ಲ.

ಆ ಕಡಿತವನ್ನು ರದ್ದುಮಾಡಲು 60 ಶಾಸಕರಲ್ಲಿ 45 ಮಂದಿ ಬೇಕಿತ್ತು. ಬೀದಿಯಲ್ಲಿ ಜನ ಸೇರಿದರು, ಶಾಸಕರಿಗೆ ಮನವಿಗಳು ಹರಿದುಬಂದವು. ಆದರೆ ಜುಲೈ 10ರಂದು ರಾಜಧಾನಿ ಜೂನೋದಲ್ಲಿ ಸೇರಿದ್ದವರು 38 ಮಾತ್ರ. ಉಳಿದವರಲ್ಲಿ ಹೆಚ್ಚಿನವರು, ಗವರ್ನರ್ ಅಧಿವೇಶನ ಕರೆದಿದ್ದ ವಸಿಲ್ಲಾ ಊರಿನಲ್ಲಿದ್ದರು. 37 ಮತ ಪರವಾಗಿ ಬಿದ್ದರೂ ಪ್ರಯತ್ನ ಸೋತಿತು. ಅದೇ ತಿಂಗಳು ವಿಶ್ವವಿದ್ಯಾಲಯ ತನಗೆ ಆರ್ಥಿಕ ತುರ್ತುಸ್ಥಿತಿ ಎಂದು ಘೋಷಿಸಿಕೊಂಡಿತು. ಒತ್ತಡ ಮಾತ್ರ ನಿಲ್ಲಲಿಲ್ಲ. ಆಗಸ್ಟ್ 13ರಂದು ಗವರ್ನರ್ ಒಪ್ಪಂದಕ್ಕೆ ಬಂದರು: ಮೊದಲ ವರ್ಷ 2.5 ಕೋಟಿ, ಮೂರು ವರ್ಷಗಳಲ್ಲಿ ಒಟ್ಟು 7 ಕೋಟಿ ಡಾಲರ್ ಕಡಿತ. ಒಂದೇ ಏಟಿಗೆ ಬೀಳಬೇಕಿದ್ದ ಹೊರೆ ಸುಮಾರು ಅರ್ಧಕ್ಕಿಳಿದು ಮೂರು ವರ್ಷಕ್ಕೆ ಹಂಚಿಹೋಯಿತು. ಆ ಹೊರೆಯೂ ಸಣ್ಣದಲ್ಲ: 32.7 ಕೋಟಿ ಡಾಲರ್ ಇದ್ದ ರಾಜ್ಯದ ನೆರವು ಮೂರೇ ವರ್ಷದಲ್ಲಿ 25.7 ಕೋಟಿಗೆ ಇಳಿಯಬೇಕು ಎನ್ನುವುದಕ್ಕೆ ವಿಶ್ವವಿದ್ಯಾಲಯ ಸಹಿ ಹಾಕಿತು.